ಮರಕ್ಕೆ ಮೆರುಗೆಣ್ಣೆ ಹಚ್ಚುವಾಗ ಬರುವ ತೊಡಕುಗಳೂ ಅವುಗಳ ಪರಿಹಾರವೂ

(ಮಧುಗಿರಿ ತಾಲ್ಲೂಕು ಬಡವನಹಳ್ಳಿಯ ಜಮೀನುದಾರರನ್ನೂ ಗ್ರಾಮದ ಮುಖಂಡರನ್ನೂ ಉದ್ದೇಶಿಸಿ ಮಾಡಿದ ಉಪನ್ಯಾಸ)



ಮನೆಗೆ ತಲೆಬಾಗಿಲು ಇಡಿಸುವುದು ತಲೆಮಾರಿಗೊಮ್ಮೆ ಮಾಡುವ ಕೆಲಸ. ಹಿರಿಯರು ಬದುವಿನಲ್ಲಿ ಬೆಳೆಸಿದ ಬೇವನ್ನೋ ಜಾಲಿಯನ್ನೋ ಕಡಿಸಿ, ಕೊಯ್ಯಿಸಿ, ಬಡಗಿಗೆ ಕೂಲಿ ತೆತ್ತು ಮಾಡಿಸಿದ ಬಾಗಿಲು ವರ್ಷ ತುಂಬುವುದರೊಳಗೆ ಅಂಟಂಟಾಗಿಯೋ ಹಕ್ಕಳೆ ಎದ್ದೋ ನಿಂತರೆ, ನಷ್ಟವಾಗುವುದು ಮೆರುಗೆಣ್ಣೆಯ ಬೆಲೆ ಮಾತ್ರವಲ್ಲ. ಅಂಥ ಸಮಯದಲ್ಲಿ ಜನರು ಡಬ್ಬಿಯನ್ನೂ ಅಂಗಡಿಯವನನ್ನೂ ದೂರುವುದುಂಟು. ವಿಚಾರಮಾಡಿ ನೋಡಿದರೆ, ಮರ ಹಸಿಯಾಗಿರುವುದು, ಎಣ್ಣೆ ಒಣಗದ ಜಾತಿಯದಾಗಿರುವುದು, ಲೇಪ ದಪ್ಪನಾಗಿರುವುದು ಎಂಬ ಮೂರು ಕಾರಣಗಳಲ್ಲಿ ಯಾವುದಾದರೊಂದು ಬಹುಮಟ್ಟಿಗೆ ಕಂಡುಬರುವುದು. ಈ ಮೂರೂ ಮನೆಯ ಯಜಮಾನನ ಕೈಯಲ್ಲಿಯೇ ಇರತಕ್ಕವು.

ಮರದ ಹಸಿ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳು ಮಳೆ ಕಡಿಮೆಯಾದ ಸೀಮೆಗಳು. ಇಲ್ಲಿನ ಬಿಸಿಲಿಗೆ ಹಲಗೆಯ ಮೇಲ್ಮೈ ಬೇಗ ಒಣಗುತ್ತದೆ. ಒಳಗಿನ ನೀರು ಹಾಗೆಯೇ ಉಳಿದಿರುತ್ತದೆ. ಅದರ ಮೇಲೆ ಮೆರುಗೆಣ್ಣೆ ಹಚ್ಚಿದರೆ, ಒಳಗಿನ ನೀರು ಆವಿಯಾಗಿ ಹೊರಬರುವಾಗ ಲೇಪವನ್ನು ಎತ್ತಿಬಿಡುತ್ತದೆ. ಆದಕಾರಣ ಕೊಯ್ದ ಹಲಗೆಗಳನ್ನು ನೆಲಕ್ಕೆ ತಗುಲದಂತೆ ನೆರಳಿನಲ್ಲಿ ಅಟ್ಟಿ, ನಡುನಡುವೆ ರಿಪ್ಪುಗಳನ್ನಿಟ್ಟು ಗಾಳಿಯಾಡುವಂತೆ ಮಾಡಬೇಕು. ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷ ಎಂಬುದು ಸ್ಥೂಲವಾದ ಲೆಕ್ಕ. ಇದಕ್ಕಿಂತ ನಂಬಿಕೆಯಾದ ಪರೀಕ್ಷೆ ತಕ್ಕಡಿಯದು. ಅಟ್ಟಿಯಿಂದ ಒಂದು ಹಲಗೆಯನ್ನು ಆರಿಸಿಕೊಂಡು ವಾರಕ್ಕೊಮ್ಮೆ ತೂಗಿ ಬರೆದಿಡಬೇಕು. ತೂಕ ಇಳಿಯುವುದು ನಿಂತಮೇಲೆ ಬಡಗಿಯನ್ನು ಕರೆಯಬೇಕು.

ಎಣ್ಣೆಯ ಜಾತಿ: ಈ ಭಾಗದಲ್ಲಿ ಕಡಲೆಕಾಯಿ ಎಣ್ಣೆಯೂ ಹೊಂಗೆ ಎಣ್ಣೆಯೂ ಕೈಗೆ ಸುಲಭವಾಗಿ ಸಿಕ್ಕುವುದರಿಂದ ಬಾಗಿಲಿಗೂ ಅವನ್ನೇ ಸವರುವ ವಾಡಿಕೆಯಿದೆ. ಈ ಎರಡೂ, ಹರಳೆಣ್ಣೆಯೂ ಗಾಳಿಯಲ್ಲಿ ಗಟ್ಟಿಯಾಗತಕ್ಕವಲ್ಲ. ಎಷ್ಟು ದಿನ ಬಿಟ್ಟರೂ ಜಿಡ್ಡಾಗಿಯೇ ಇದ್ದು ಧೂಳನ್ನು ಹಿಡಿಯುತ್ತವೆ. ಅವುಗಳ ಮೇಲೆ ವಾರ್ನಿಷು ಹಚ್ಚಿದರೆ ಅದೂ ಒಣಗದೆ ಅಂಟುತ್ತದೆ. ಅಗಸೆ ಎಣ್ಣೆಯ ಗುಣ ಬೇರೆ. ಅದು ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾದ ಪೊರೆಯಾಗುತ್ತದೆ. ಹಸಿ ಅಗಸೆ ಎಣ್ಣೆ ಒಣಗಲು ಹಲವು ದಿನ ಹಿಡಿಯುವುದು. ಅಂಗಡಿಯಲ್ಲಿ ದೊರೆಯುವ ಕಾಸಿದ ಅಗಸೆ ಎಣ್ಣೆ ಅದಕ್ಕಿಂತ ಬೇಗ ಒಣಗುವುದು. ಈಗಾಗಲೇ ಅಂಟುತ್ತಿರುವ ಬಾಗಿಲಿಗೆ ಮತ್ತೊಂದು ಲೇಪ ಕೊಟ್ಟು ಪ್ರಯೋಜನವಿಲ್ಲ. ಅಂಟನ್ನು ಹೆರೆದು ತೆಗೆದು, ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯಿಂದ ಎರಡು ಮೂರು ಬಾರಿ ಒರೆಸಿ, ಚೆನ್ನಾಗಿ ಆರಿದಮೇಲೆ ಹೊಸದಾಗಿ ಪ್ರಾರಂಭಿಸತಕ್ಕದ್ದು.

ಲೇಪದ ದಪ್ಪ: ಒಂದು ದಪ್ಪ ಲೇಪಕ್ಕಿಂತ ಮೂರು ತೆಳುಲೇಪಗಳು ಮೇಲು. ದಪ್ಪ ಲೇಪ ಮೇಲೆ ಕೆನೆಗಟ್ಟಿ, ಒಳಗೆ ಹಸಿಯಾಗಿ ಉಳಿದು, ಸುಕ್ಕುಗಟ್ಟುತ್ತದೆ. ಎಣ್ಣೆ ವಾರ್ನಿಷಿನ ಮೊದಲ ಲೇಪಕ್ಕೆ ಮೂರು ಪಾಲು ವಾರ್ನಿಷಿಗೆ ಒಂದು ಪಾಲು ಟರ್ಪೆಂಟೈನು ಬೆರೆಸಿದರೆ ಅದು ಮರದೊಳಕ್ಕೆ ಇಳಿಯುವುದು. ಪ್ರತಿ ಲೇಪವೂ ಒಂದು ಹಗಲು ಒಂದು ರಾತ್ರಿ ಒಣಗಿದಮೇಲೆ, ನಯವಾದ ಮರಳು ಕಾಗದದಿಂದ ಮರದ ಎಳೆಯ ಜಾಡಿನಲ್ಲಿಯೇ ಹಗುರವಾಗಿ ಉಜ್ಜಿ, ಪುಡಿಯನ್ನು ಒರೆಸಿ ಮುಂದಿನದನ್ನು ಹಚ್ಚಬೇಕು.

ಇನ್ನು ಕೆಲಸದ ನಡುವೆ ಕಾಣುವ ಸಣ್ಣ ದೋಷಗಳು.

ಗುಳ್ಳೆ ಎದ್ದರೆ, ಡಬ್ಬಿಯನ್ನು ಕುಲುಕಿರಬಹುದು ಅಥವಾ ಬಿಸಿಲಿಗೆ ಕಾದ ಮರಕ್ಕೆ ಹಚ್ಚಿರಬಹುದು. ಕಡ್ಡಿಯಿಂದ ಮೆಲ್ಲಗೆ ಕಲಸಬೇಕು. ಬಾಗಿಲನ್ನು ನೆರಳಿಗೆ ತಂದು ಆರಿಸಬೇಕು.

ತರಿತರಿಯಾಗಿದ್ದರೆ ಧೂಳು ಕೂತಿದೆಯೆಂದು ತಿಳಿಯಬೇಕು. ಕಣದ ಕೆಲಸ ನಡೆಯುವ ದಿನಗಳಲ್ಲಿ ಈ ಕೆಲಸ ಬೇಡ. ಮುನ್ನಾದಿನವೇ ಗುಡಿಸಿ, ನೆಲಕ್ಕೆ ನೀರು ಚಿಮುಕಿಸಿ, ನೆಲ ಆರಿದಮೇಲೆ ಹಚ್ಚಬೇಕು.

ಇಳಿಬಿದ್ದ ಹನಿಗಳನ್ನು ಹಸಿಯಾಗಿರುವಾಗ ಕುಂಚದಿಂದ ಮೇಲಕ್ಕೆ ಎಳೆದು ಸರಿಮಾಡಬಹುದು. ಅರೆ ಒಣಗಿದ್ದರೆ ಮುಟ್ಟಬಾರದು. ಪೂರ್ತಿ ಒಣಗಿದಮೇಲೆ ಚೂಪಾದ ಉಳಿಯಿಂದ ಹೆರೆಯಬೇಕು.

ಬೆಳ್ಳಗೆ ಮಸುಕಾಗುವುದು ಅರಗಿನ ಪಾಲಿಷಿನಲ್ಲಿ ಹೆಚ್ಚು. ಜಾಲಾರಿ, ಮುತ್ತುಗ, ಎಲಚಿ ಮುಂತಾದ ಮರಗಳ ಮೇಲೆ ಬದುಕುವ ಕೀಟದಿಂದ ಅರಗು ದೊರೆಯುತ್ತದೆ. ಚನ್ನಪಟ್ಟಣದ ಕುಶಲಿಗಳು ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜುವಿಕೆಯ ಕಾವಿನಿಂದಲೇ ಅದನ್ನು ಕರಗಿಸಿ ಹಚ್ಚುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೩೭ರಲ್ಲಿ, ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಸ್ಥಾಪಿತವಾಯಿತು. ಪಾಲಿಷಿನಲ್ಲಿ ಅರಗು ಸ್ಪಿರಿಟ್ಟಿನಲ್ಲಿ ಕರಗಿರುತ್ತದೆ. ಸ್ಪಿರಿಟ್ಟು ಬೇಗ ಆರುವಾಗ ಮೇಲ್ಮೈ ತಂಪಾಗಿ, ಮಳೆಗಾಲದ ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಬಿಳುಪಿಗೆ ಇದೇ ಕಾರಣ. ಒಣಹವೆಯ ದಿನ ನೋಡಿಕೊಂಡು, ಸ್ಪಿರಿಟ್ಟು ಸೋಕಿಸಿದ ಬಟ್ಟೆಯಿಂದ ತೇಲಿಸಿ ಸವರಿದರೆ ಅದು ಸಾಮಾನ್ಯವಾಗಿ ಹೋಗುವುದು. ಬಿಸಿ ಪಾತ್ರೆ ಇಡುವ ಮೇಜಿಗೂ ಮಳೆ ಹೊಡೆಯುವ ಬಾಗಿಲಿಗೂ ಅರಗಿನ ಪಾಲಿಷು ತಕ್ಕದ್ದಲ್ಲ.

ಮತ್ತೊಂದು ಮಾತನ್ನು ಗಮನಿಸಬೇಕು. ಮೆರುಗೆಣ್ಣೆ ಪಾರದರ್ಶಕವಾದುದರಿಂದ ಬಿಸಿಲು ಅದನ್ನು ದಾಟಿ ಮರವನ್ನೇ ಕೆಡಿಸುತ್ತದೆ. ಕೆಳಗಿನ ಮರ ಸಡಿಲಿದಾಗ ಲೇಪ ಕಳಚುತ್ತದೆ. ಪಡುವಲ ಬಿಸಿಲು ಬೀಳುವ ಬಾಗಿಲನ್ನು ಪ್ರತಿವರ್ಷವೂ ಪರೀಕ್ಷಿಸಿ, ಹೊಳಪು ಕುಂದಿದಾಗಲೇ ಹೊಸ ಲೇಪ ಕೊಡಬೇಕು. ಅಷ್ಟು ಅವಕಾಶವಿಲ್ಲದವರಿಗೆ ಬಣ್ಣವೇ ಲೇಸು.

ನೇಗಿಲು, ನೊಗ, ಗಾಡಿಗಳಿಗೆ ವಾರ್ನಿಷು ಬೇಡ. ಉಜ್ಜಾಟಕ್ಕೆ ಅದು ನಿಲ್ಲದು. ಅವುಗಳಿಗೆ ಹೊಂಗೆ ಎಣ್ಣೆಯೇ ಸಾಕು. ದನ ನೆಕ್ಕುವ ಗೋದಲಿಗೆ ಯಾವ ವಾರ್ನಿಷನ್ನೂ ಹಚ್ಚಬಾರದು. ಹಿಂದೆ ಬಣ್ಣ, ಎಣ್ಣೆಗಳು ಬೇಗ ಒಣಗಲೆಂದು ಸೀಸದ ಲವಣಗಳನ್ನು ಸೇರಿಸುತ್ತಿದ್ದರು; ಸೀಸವು ಮಕ್ಕಳಿಗೂ ದನಗಳಿಗೂ ವಿಷ. ೨೦೧೬ರ ಕೇಂದ್ರ ಸರ್ಕಾರದ ನಿಯಮಗಳು ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು ಹತ್ತು ಲಕ್ಷ ಭಾಗಕ್ಕೆ ೯೦ ಭಾಗಕ್ಕೆ ಮಿತಿಗೊಳಿಸಿವೆ. ಹಳೆಯ ಬಾಗಿಲುಗಳಲ್ಲಿ ಅದು ಉಳಿದಿರಬಹುದಾದ್ದರಿಂದ, ಅವನ್ನು ನೀರು ಸೋಕಿಸಿಯೇ ಉಜ್ಜಿ, ಕೆಸರನ್ನು ಒಟ್ಟುಗೂಡಿಸಿ, ಮಕ್ಕಳಿಗೂ ದನಗಳಿಗೂ ಎಟುಕದಂತೆ ಬೇರೆಯಾಗಿ ಕಟ್ಟಿಡಬೇಕು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಯಲ್ಲಿ ಎಸೆದರೆ, ಆ ಶಾಖ ಹೊರಹೋಗಲಾರದೆ ಹೆಚ್ಚುತ್ತ, ಕೆಲವು ಗಂಟೆಗಳಲ್ಲಿ ಯಾರೂ ಕಿಡಿ ಸೋಕಿಸದೆಯೇ ಬೆಂಕಿ ಹತ್ತಬಹುದು. ಅಂಥ ಮುದ್ದೆ ಹುಲ್ಲಿನ ಬಣವೆಯ ಪಕ್ಕದಲ್ಲಿದ್ದರೆ ಒಂದು ವರ್ಷದ ಮೇವೂ ಕೊಟ್ಟಿಗೆಯೂ ಹೋದಂತೆಯೇ. ಬಟ್ಟೆಗಳನ್ನು ನೀರಿನಲ್ಲಿ ನೆನೆಸಬೇಕು, ಇಲ್ಲವೇ ಬಯಲಿನಲ್ಲಿ ಒಂದೊಂದಾಗಿ ಹರಡಿ, ಗರಿಗರಿಯಾಗಿ ಒಣಗಿದಮೇಲೆ ಬಿಸಾಡಬೇಕು. ಗ್ರಾಮದ ಮುಖಂಡರು ಈ ಒಂದು ವಿಷಯವನ್ನು ಊರಿನ ಪ್ರತಿಯೊಬ್ಬ ಬಡಗಿಗೂ, ಬಾಗಿಲು ಮಾಡಿಸುವ ಪ್ರತಿಯೊಂದು ಮನೆಗೂ ತಿಳಿಸತಕ್ಕದ್ದು. ಬಾಗಿಲಿಗೆ ಕುಂಚ ಮುಟ್ಟಿಸುವ ಮುನ್ನ ಅದೇ ಮರದ ಒಂದು ತುಂಡಿನ ಮೇಲೆ ಹಚ್ಚಿ, ನಾಲ್ಕು ದಿನ ಕಾದು ನೋಡುವ ಪದ್ಧತಿಯನ್ನೂ ಊರಿನಲ್ಲಿ ರೂಢಿಗೆ ತರಬೇಕು.