ಕಡಲ ಹುಲ್ಲು ಎಂಬ ಹಗೇವು



ನಮ್ಮ ಸೀಮೆಯ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಗಾಳಿಯಾಡದ ಕಾರಣ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಸಮುದ್ರದಾಗೂ ಇಂಥಾದ್ದೊಂದು ಹಗೇವು ಐತಿ ನೋಡ್ರಿ.

ತೀರದ ಆಳವಿಲ್ಲದ ನೀರಿನಲ್ಲಿ ಕಡಲ ಹುಲ್ಲು ಬೆಳೆಯುತ್ತದೆ. ತಮಿಳುನಾಡಿನ ಪಾಕ್ ಕೊಲ್ಲಿ, ಮನ್ನಾರ್ ಕೊಲ್ಲಿ ಹಾಗೂ ಲಕ್ಷದ್ವೀಪದಲ್ಲಿ ಇದರ ಹುಲ್ಲುಗಾವಲುಗಳಿವೆ. ಒಲೆ, ಗಾಡಿ, ಕಾರ್ಖಾನೆಗಳ ಹೊಗೆಯಿಂದ ಹೆಚ್ಚುವ ಇಂಗಾಲದಲ್ಲಿ ಒಂದು ಪಾಲನ್ನು ಈ ಹುಲ್ಲು ಹೀರಿಕೊಳ್ಳುತ್ತದೆ. ಅದರ ಬೇರು, ಉದುರಿದ ಎಲೆ ಕೆಸರಿನಲ್ಲಿ ಹೂತು, ಗಾಳಿ ತಾಗದೆ ನೂರಾರು ವರ್ಷ ಉಳಿಯುತ್ತವೆ. ಹುಲ್ಲು ಕಿತ್ತು ಕೆಸರು ಕದಡಿದರೆ ಹಗೇವಿನ ಬಾಯಿ ತೆಗೆದಂತೆ. ಕೂಡಿಟ್ಟ ಇಂಗಾಲ ಹೊರಬರುತ್ತದೆ, ಭೂಮಿ ಇನ್ನಷ್ಟು ಕಾಯ್ತದ, ಮಳೆಯ ಹದ ತಪ್ಪುತ್ತದೆ. ಆ ಪೆಟ್ಟು ಮುಂಡರಗಿಯ ಹೊಲಕ್ಕೂ ಬೀಳುತ್ತದೆ.

"ಸಮುದ್ರ ದೂರ ಐತಿ, ನಾವೇನ್ ಮಾಡೂದು ಸಿಸ್ಟರ್?" ಅಂತೀರಿ. ಶಿರಹಟ್ಟಿ ಹತ್ತಿರದ ಮಾಗಡಿ ಕೆರೆ ನಮ್ಮದೇ ಅಲ್ಲವೇ? ಚಳಿಗಾಲದಲ್ಲಿ ಹಿಮಾಲಯ ದಾಟಿ ಹೆಬ್ಬಾತುಗಳು ಬರುವ ಈ ಕೆರೆ, 2024ರಲ್ಲಿ ಕರಾವಳಿಯ ಅಘನಾಶಿನಿ ಅಳಿವೆಯ ಜೊತೆಗೇ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಕೆರೆಯ ಕೆಸರೂ ಇಂಗಾಲವನ್ನು ಹಿಡಿದಿಡುತ್ತದೆ. ಒತ್ತುವರಿ ಮಾಡಿ ಉತ್ತರೆ ಅದು ಹೊರಗೆ ಹೋಗುತ್ತದೆ.

ನಿಮ್ಮೂರ ಕೆರೆಗೆ ಕಸ ಬೀಳದಂತೆ, ಅಂಗಳ ಒತ್ತುವರಿಯಾಗದಂತೆ ಸಂಘದಿಂದ ಗ್ರಾಮಸಭೆಯಲ್ಲಿ ಕೇಳ್ರಿ. ಒಬ್ಬಾಕಿ ಕೇಳಿದರೆ ಮಾತು, ಇಪ್ಪತ್ತು ಮಂದಿ ಕೇಳಿದರೆ ಠರಾವು.