ವಸ್ತುಸಂಗ್ರಹಾಲಯದ ಕೆಲಸ ಕಲಿಯಲು ಹೊರಟ ಮಕ್ಕಳು



ಮ್ಯೂಸಿಯಂ ಎಂದ ಕೂಡಲೇ ನಮ್ಮ ಕೊಯಮತ್ತೂರಿನವರಿಗೆ ನೆನಪಾಗುವುದು 1902ರಲ್ಲಿ ಆರಂಭವಾದ ಗಾಸ್ ಅರಣ್ಯ ವಸ್ತುಸಂಗ್ರಹಾಲಯ. ನಾವೆಲ್ಲ ಶಾಲೆಯಿಂದ ಸಾಲಾಗಿ ಹೋಗಿ ನೋಡಿ ಬಂದವರೇ. ಆದರೆ ಆ ಗಾಜಿನ ಪೆಟ್ಟಿಗೆಗಳ ಹಿಂದೆ ಕೂತು ಕೆಲಸ ಮಾಡುವವರು ಯಾರು, ಅವರು ಏನು ಓದಿರುತ್ತಾರೆ, ಆ ಕೆಲಸ ಎಲ್ಲಿ ಕಲಿಯುತ್ತಾರೆ ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಡಾಕ್ಟರು, ಇಂಜಿನಿಯರು, ಬ್ಯಾಂಕು, ಇಲ್ಲದಿದ್ದರೆ ಬನಿಯನ್ ಕಂಪನಿ. ನಮ್ಮ ಯೋಚನೆ ಅಲ್ಲಿಗೇ ನಿಂತುಬಿಡುತ್ತದೆ.

ಈ ಕೆಲಸಕ್ಕೂ ಒಂದು ವಿದ್ಯೆ ಇದೆ. ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ 1952ರಲ್ಲೇ ಇದಕ್ಕೊಂದು ವಿಭಾಗ ತೆರೆದರು. ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ 1959ರಲ್ಲಿ ಬಂತು. ಇತಿಹಾಸ, ಚಿತ್ರಕಲೆ, ರಸಾಯನಶಾಸ್ತ್ರ ಓದಿದವರೂ ಈ ಕಡೆ ಬರಬಹುದು. ಆದರೆ ಎಂ.ಎ. ಸರ್ಟಿಫಿಕೇಟ್ ಒಂದನ್ನೇ ಹಿಡಿದುಕೊಂಡು ಹೋದರೆ ಕೆಲಸ ಸಿಗುವುದು ಕಷ್ಟ. ‘ಯಾವ ಮ್ಯೂಸಿಯಂನಲ್ಲಿ ಇಂಟರ್ನ್ ಆಗಿದ್ದೆ?’ ಎಂಬ ಪ್ರಶ್ನೆ ಬರುತ್ತದೆ. ಇಂಟರ್ನ್‌ಶಿಪ್ ಎಂದರೆ ಮೂರು ತಿಂಗಳೋ ಆರು ತಿಂಗಳೋ ಒಳಗೆ ಇದ್ದು, ದೊಡ್ಡವರ ಪಕ್ಕದಲ್ಲಿ ನಿಂತು ಕೆಲಸ ಕಲಿಯುವುದು. ಮಗ್ಗದ ಪಕ್ಕದಲ್ಲಿ ಹುಡುಗನನ್ನು ಕೂರಿಸಿಕೊಂಡು ಕಲಿಸುತ್ತಿದ್ದರಲ್ಲ, ಹಾಗೆ.

ಅಲ್ಲಿ ಏನು ಕಲಿಸುತ್ತಾರೆ ಎಂದು ಕೇಳಿ ತಿಳಿದುಕೊಂಡಾಗ ನನಗೆ ನಮ್ಮ ಬ್ಯಾಂಕಿನ ನೆನಪೇ ಬಂತು. ಎಸ್.ಎಸ್.ಎಲ್.ಸಿ. ಮುಗಿಸಿ ಗುಮಾಸ್ತನಾಗಿ ಸೇರಿದ ನನಗೆ ಮೊದಲ ಆರು ತಿಂಗಳು ಕೊಟ್ಟದ್ದು ಲೆಡ್ಜರ್ ಬರೆಯುವ ಕೆಲಸ. ಮ್ಯೂಸಿಯಂನಲ್ಲೂ ಅದೇ. ಒಳಗೆ ಬಂದ ಪ್ರತಿ ವಸ್ತುವಿಗೂ ಒಂದು ನಂಬರು. ಯಾರಿಂದ ಬಂತು, ಯಾವಾಗ ಬಂತು, ಉದ್ದ ಅಗಲ ಎಷ್ಟು, ಎಲ್ಲಿ ಹರಿದಿದೆ, ಎಲ್ಲಿ ಮುಕ್ಕಾಗಿದೆ, ಎಲ್ಲ ರಿಜಿಸ್ಟರಿನಲ್ಲಿ ಬರೆಯಬೇಕು. ನಂಬರು ಹಾಕುವುದಕ್ಕೂ ಕ್ರಮವುಂಟು. ಕಲ್ಲಿನ ಮೇಲೆ, ಲೋಹದ ಮೇಲೆ ನೇರವಾಗಿ ಬರೆಯುವಂತಿಲ್ಲ. ಮೊದಲು ವಾರ್ನಿಷ್ ಬಳಿದು, ಬೇಕೆಂದಾಗ ಅಳಿಸಿ ತೆಗೆಯಬಹುದಾದ ಹಾಗೆ ಅದರ ಮೇಲೆ ಬರೆಯಬೇಕು. ಸೀರೆಯಾದರೆ ಶಾಯಿ ತಾಗಿಸಲೇಬಾರದು. ಹತ್ತಿಯ ಪಟ್ಟಿಯ ಮೇಲೆ ನಂಬರು ಬರೆದು ನಾಲ್ಕು ಹೊಲಿಗೆ ಹಾಕಬೇಕು. ಬಟ್ಟೆಯ ಮೇಲೆ ಬೀಳುವ ಬೆಳಕು 50 ಲಕ್ಸ್ ಮೀರಬಾರದು, ಅಂದರೆ ಮಂಕು ದೀಪದಷ್ಟು. ಹೆಚ್ಚಾದರೆ ಬಣ್ಣ ಹೋಗುತ್ತದೆ. ಸೀರೆಯನ್ನು ಮಡಿಸಿಟ್ಟರೆ ಮಡಿಕೆಯಲ್ಲೇ ಜರಿ ಮುರಿಯುತ್ತದೆ, ಆದ್ದರಿಂದ ಕೊಳವೆಗೆ ಸುತ್ತಿಡುತ್ತಾರೆ. ನಮ್ಮ ಅಜ್ಜಿಯಂದಿರು ವರ್ಷಕ್ಕೊಮ್ಮೆ ಪಟ್ಟೆ ಸೀರೆಯನ್ನು ಬಿಚ್ಚಿ ಮಡಿಕೆ ಬದಲಿಸಿ ಇಡುತ್ತಿದ್ದುದೂ ಇದಕ್ಕಾಗಿಯೇ. ಅವರಿಗೆ ಯಾರೂ ಸರ್ಟಿಫಿಕೇಟ್ ಕೊಡಲಿಲ್ಲ, ಅಷ್ಟೇ.

ಇಷ್ಟು ಸಣ್ಣ ಗುಮಾಸ್ತಿಕೆಯಿಂದ ಏನು ಪ್ರಯೋಜನ ಎನ್ನುವವರಿಗೆ ಒಂದು ಸಂಗತಿ ಹೇಳುತ್ತೇನೆ. ನಮ್ಮ ತಮಿಳುನಾಡಿನ ಅರಿಯಲೂರು ಜಿಲ್ಲೆಯ ಶ್ರೀಪುರಂದಾನ್ ದೇವಾಲಯದ ನಟರಾಜ ಕಳುವಾಗಿ, ಹಲವು ಕೈ ದಾಟಿ, 2008ರಲ್ಲಿ ಆಸ್ಟ್ರೇಲಿಯದ ರಾಷ್ಟ್ರೀಯ ಕಲಾಶಾಲೆಗೆ ಐವತ್ತು ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಮಾರಾಟವಾಯಿತು. ಅದು ನಮ್ಮದೇ ಎಂದು ತೋರಿಸಲು ನೆರವಾದದ್ದು ಪುದುಚೇರಿಯ ಫ್ರೆಂಚ್ ಸಂಸ್ಥೆಯಲ್ಲಿದ್ದ ಹಳೆಯ ಫೋಟೋಗಳು. ಯಾರೋ ಒಬ್ಬರು ಬಿಸಿಲಲ್ಲಿ ಊರೂರು ಸುತ್ತಿ ಫೋಟೋ ತೆಗೆದು, ಊರಿನ ಹೆಸರು ಬರೆದು, ಸರಿಯಾದ ಜಾಗದಲ್ಲಿ ಇಟ್ಟಿದ್ದರು. 2014ರಲ್ಲಿ ನಟರಾಜ ಭಾರತಕ್ಕೆ ಹಿಂದಿರುಗಿದ. ಲೆಕ್ಕ ಬರೆದಿಟ್ಟವನ ಬೆಲೆ ಲೆಕ್ಕ ತಪ್ಪಿದ ದಿನ ತಿಳಿಯುತ್ತದೆ ಎಂದು ನಮ್ಮ ಹೆಡ್ ಕ್ಯಾಷಿಯರ್ ಹೇಳುತ್ತಿದ್ದರು.

ಈಗ ನಮ್ಮ ಸಮಾಜದ ಹುಡುಗಿಯೊಬ್ಬಳ ವಿಷಯಕ್ಕೆ ಬರುತ್ತೇನೆ. ಹೆಸರು ಬೇಡ. ತಂದೆ ಪಲ್ಲಡದ ಬಳಿ ವಿದ್ಯುತ್ ಮಗ್ಗ ಓಡಿಸುವವರು, ಅಜ್ಜ ಗುಂಡಿ ಮಗ್ಗದಲ್ಲಿ ನೇಯ್ದವರು. ಮನೆಯಲ್ಲಿ ಕನ್ನಡ, ಓದಿದ್ದು ತಮಿಳು, ಎಂ.ಎ. ಇತಿಹಾಸ. ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಆರು ತಿಂಗಳ ಇಂಟರ್ನ್‌ಶಿಪ್‌ಗೆ ಆಯ್ಕೆಯಾದಳು. ಮನೆಯವರಿಗೆಲ್ಲ ಸಂತೋಷ. ಆಮೇಲೆ ಕಾಗದ ಪೂರ್ತಿ ಓದಿದರೆ, ಸಂಬಳವಿಲ್ಲ, ವಸತಿ ಇಲ್ಲ, ಕೊನೆಯಲ್ಲಿ ಒಂದು ಸರ್ಟಿಫಿಕೇಟ್. ತಂದೆ ನನ್ನಲ್ಲಿಗೆ ಬಂದು, “ಅಣ್ಣಾ, ತಿರುಪ್ಪೂರಲ್ಲಿ ಬನಿಯನ್ ಮಡಿಸೋಕೆ ಹೋದರೂ ಮೊದಲ ವಾರವೇ ಕೂಲಿ ಕೊಡ್ತಾರೆ. ಇದೇನು, ಎಂ.ಎ. ಓದಿದವಳು ಕೈಯಿಂದ ಹಾಕಿ ಕೆಲಸ ಮಾಡಬೇಕಾ?” ಎಂದರು. ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. ಬಾಡಿಗೆ, ಊಟ, ಬಸ್ಸು ಸೇರಿ ತಿಂಗಳಿಗೆ 12,000 ರೂಪಾಯಿಗೆ ಕಡಿಮೆ ಇಲ್ಲ. ಆರು ತಿಂಗಳಿಗೆ 72,000. ಅವರ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ.

ನೋಡಿ, ನಮ್ಮ ಊರಿನ ಪಂಪ್ ಕಾರ್ಖಾನೆಗೆ ಐ.ಟಿ.ಐ. ಹುಡುಗ ಅಪ್ರೆಂಟಿಸ್ ಆಗಿ ಸೇರಿದರೆ ಅವನಿಗೆ ಸ್ಟೈಪೆಂಡ್ ಕೊಡಬೇಕೆಂದು 1961ರ ಅಪ್ರೆಂಟಿಸ್ ಕಾಯಿದೆ ಹೇಳುತ್ತದೆ. ಕಲಿಯುವವನೂ ಊಟ ಮಾಡಬೇಕು ಎಂಬುದು ಕಾರ್ಖಾನೆಗೆ ಗೊತ್ತು, ಕಲಾಶಾಲೆಗೆ ಏಕೆ ಗೊತ್ತಾಗಬಾರದು? ಶ್ರೀಮಂತ ದೇಶಗಳಲ್ಲೂ ಈ ಜಗಳ ನಡೆದಿದೆ. ಅಮೆರಿಕದ ಕಲಾ ವಸ್ತುಸಂಗ್ರಹಾಲಯಗಳ ನಿರ್ದೇಶಕರ ಸಂಘವು ಇಂಟರ್ನ್‌ಗಳಿಗೆ ಹಣ ಕೊಡಬೇಕೆಂದು 2019ರಲ್ಲಿ ನಿರ್ಣಯ ಮಾಡಿತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ 2020ರಲ್ಲಿ ಒಬ್ಬ ಮಹಿಳೆ 50 ಲಕ್ಷ ಡಾಲರ್ ದಾನ ಕೊಟ್ಟಿದ್ದು ಇದಕ್ಕಾಗಿಯೇ, ಅಲ್ಲಿನ ಎಲ್ಲ ಇಂಟರ್ನ್‌ಗಳಿಗೂ ಹಣ ಸಿಗಲಿ ಎಂದು. ಸಂಬಳವಿಲ್ಲದ ಕಲಿಕೆಗೆ ಉಳ್ಳವರ ಮಕ್ಕಳು ಮಾತ್ರ ಬರುತ್ತಾರೆ, ನಾಳೆ ಅಧಿಕಾರಿಗಳಾಗುವವರೂ ಅವರೇ, ಎಂಬುದು ಅಲ್ಲಿಯವರ ವಾದ. ನನಗೂ ಅದು ಸರಿ ಎನ್ನಿಸುತ್ತದೆ.

ಹುಡುಗಿ ಹೋದಳು. ಸೋದರಮಾವ ಅರ್ಧ ಕೊಟ್ಟರು, ಉಳಿದದ್ದಕ್ಕೆ ತಾಯಿಯ ಬಳೆ ಅಡವಿಗೆ ಹೋಯಿತು. ಅಲ್ಲಿ ಎರಡನೆಯ ತಿಂಗಳಲ್ಲಿ ಒಂದು ಹಳೆಯ ಸೀರೆಯ ವಿವರ ಬರೆಯಲು ಕೊಟ್ಟರಂತೆ. ಅಂಚನ್ನು ಆಮೇಲೆ ಹೊಲಿದು ಸೇರಿಸಿದ್ದು ಎಂದು ಹಳೆಯ ಚೀಟಿಯಲ್ಲಿತ್ತು. ಇವಳು ಸೀರೆಯ ಹಿಂಬದಿ ನೋಡಿ, “ಹೊಲಿದದ್ದಲ್ಲ, ನೇಯ್ದದ್ದು. ಮೈಗೆ ಒಂದು ಲಾಳಿ, ಎರಡು ಅಂಚಿಗೆ ಎರಡು ಲಾಳಿ. ಪಕ್ಕದಲ್ಲಿ ಕೂತು ಲಾಳಿ ಕೊಡೋಕೆ ಇನ್ನೊಬ್ಬರು ಬೇಕು, ನಮ್ಮ ತಾತನಿಗೆ ನಮ್ಮಪ್ಪನೇ ಕೂರ್ತಿದ್ದರು” ಎಂದಳು. ಅಲ್ಲಿನವರು ಭೂತಗನ್ನಡಿ ತಂದು ನೋಡಿ ಚೀಟಿ ತಿದ್ದಿದರು. ಪುಸ್ತಕದಿಂದ ಕಲಿಯಬೇಕಾದದ್ದು ಅವಳಿಗೆ ಬೆರಳಲ್ಲೇ ಇತ್ತು. ಮಗಳು ಫೋನಿನಲ್ಲಿ ಇದನ್ನು ಹೇಳಿದ ರಾತ್ರಿ ತಂದೆ ಮತ್ತೆ ನನ್ನ ಮನೆಗೆ ಬಂದರು. ಕೂಲಿಯ ಮಾತು ಎತ್ತಲಿಲ್ಲ. ಬಳೆಯ ಬಡ್ಡಿ ಎಷ್ಟಾಗಿದೆ ಎಂದು ಮಾತ್ರ ಕೇಳಿಕೊಂಡು ಹೋದರು.

ಕೊಯಮತ್ತೂರು, ತಿರುಪ್ಪೂರು ಕಡೆಯ ನಮ್ಮ ಸಂಘಗಳವರಲ್ಲಿ ನನ್ನದೊಂದು ಬಿನ್ನಹ. ಚೌಡೇಶ್ವರಿ ಅಮ್ಮನ ಉತ್ಸವಕ್ಕೆ ನಾವು ಕೈಬಿಚ್ಚಿ ಕೊಡುತ್ತೇವೆ, ಕೊಡಲೇಬೇಕು. ಕಲ್ಯಾಣ ಮಂಟಪದ ಬಾಡಿಗೆಯೂ ಬರುತ್ತದೆ. ವರ್ಷಕ್ಕೆ ಒಂದು ಮಗುವಿಗೆ ಆರು ತಿಂಗಳ ಊಟ, ಬಾಡಿಗೆ ಕೊಡುವುದು ಅದರಲ್ಲಿ ದೊಡ್ಡ ಮಾತಲ್ಲ. ಸಾಲವೆಂದು ಕೊಟ್ಟರೂ ಸರಿ, ಬಡ್ಡಿ ಬೇಡ. ಇಂಜಿನಿಯರಿಂಗಿಗೆ ಕೊಡುವ ವಿದ್ಯಾರ್ಥಿವೇತನದ ಸಾಲಿನಲ್ಲಿ ಇದನ್ನೂ ಬರೆಯಿರಿ.

ಮಕ್ಕಳಿಗೂ ಎರಡು ಮಾತು. ದೂರ ಹೋಗುವ ಮುಂಚೆ ಹತ್ತಿರದ್ದನ್ನು ನೋಡಿ. ಅವಿನಾಶಿ ರಸ್ತೆಯಲ್ಲಿ ಕಸ್ತೂರಿ ಶ್ರೀನಿವಾಸನ್ ಅವರ ಹೆಸರಿನ ಚಿತ್ರಶಾಲೆ ಮತ್ತು ಜವಳಿ ವಸ್ತುಸಂಗ್ರಹಾಲಯವಿದೆ. ಅವರು ನಮ್ಮ ಸಿಟ್ರಾ ಜವಳಿ ಸಂಶೋಧನಾ ಸಂಸ್ಥೆಯನ್ನು ಮೊದಲು ನಡೆಸಿದವರು. ಚೆನ್ನೈ ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯ 1851ರದು; ಹಳೆಯ ವಿಗ್ರಹಗಳನ್ನು ರಾಸಾಯನಿಕವಾಗಿ ಕಾಪಾಡುವ ಪ್ರಯೋಗಶಾಲೆ ಅಲ್ಲಿ 1930ರಿಂದ ಇದೆ. ಮೈಸೂರಿನ ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯವನ್ನು ಕನ್ನಡ ಮನೆಮಾತಿನವರು ಒಮ್ಮೆ ನೋಡಲೇಬೇಕು. ಎಲ್ಲಿಗೆ ಅರ್ಜಿ ಹಾಕಿದರೂ ಮೊದಲೇ ಕೇಳಿಕೊಳ್ಳಿ: ಸ್ಟೈಪೆಂಡ್ ಉಂಟೇ, ಎಷ್ಟು, ಯಾರ ಕೈಕೆಳಗೆ ಕೆಲಸ, ವಸ್ತುಗಳನ್ನು ಮುಟ್ಟಲು ಬಿಡುತ್ತಾರೆಯೇ ಅಥವಾ ಟಿಕೆಟ್ ಹರಿಯಲು ಕೂರಿಸುತ್ತಾರೆಯೇ. ಹೀಗೆ ಕೇಳುವುದು ಅವಿಧೇಯತೆಯಲ್ಲ. ಉತ್ತರವನ್ನು ಕಾಗದದಲ್ಲೇ ಪಡೆಯಿರಿ.

ಅರ್ಜಿ ಹಾಕುವ ಮುನ್ನ ಒಂದು ನೋಟ್‌ಬುಕ್ ತೆಗೆದುಕೊಂಡು ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಸೀರೆಗಳನ್ನು ಒಂದೊಂದಾಗಿ ಬರೆಯಿರಿ. ನೇಯ್ದವರು ಯಾರು, ಯಾವ ಊರು, ಯಾವ ಮದುವೆಗೆ, ಉದ್ದ ಎಷ್ಟು, ಎಲ್ಲಿ ಹರಿದಿದೆ. ಅಜ್ಜಿ ಇರುವಾಗಲೇ ಕೂತು ಕೇಳಿ ಬರೆಯಿರಿ, ಅವರು ಹೇಳುವ ಕನ್ನಡದಲ್ಲೇ. ಸಂದರ್ಶನಕ್ಕೆ ಕರೆದಾಗ ಆ ನೋಟ್‌ಬುಕ್ ಕೈಯಲ್ಲಿರಲಿ.