ಮಫ್ಲರಿಗೊಂದು ಕಾಜಾ

ಉಲ್ಲನ್ ಮಫ್ಲರನ್ನು ಗಂಟು ಹಾಕಿದರೆ ಗದ್ದದ ಕೆಳಗೆ ಮುದ್ದೆಯಾಗುತ್ತದೆ. ಹಾಕದಿದ್ದರೆ ಸ್ಕೂಟರು ಎರಡನೇ ತಿರುವು ದಾಟುವಷ್ಟರಲ್ಲಿ ಜಾರಿ ಹೋಗುತ್ತದೆ. ಹೆಣೆಯುವವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಒಂದು ತುದಿಯ ಹತ್ತಿರ ಸೀಳು ಬಿಟ್ಟು, ಇನ್ನೊಂದು ತುದಿಯನ್ನು ಅದರೊಳಗೆ ತೂರಿಸುವುದು. ದರ್ಜಿಗಳ ಮಾತಿನಲ್ಲಿ ಇದೊಂದು ದೊಡ್ಡ ಕಾಜಾ, ಗುಂಡಿಯ ಬದಲು ಮಫ್ಲರೇ ಒಳಗೆ ಹೋಗುತ್ತದೆ ಅಷ್ಟೆ.

ಆದರೆ ದರ್ಜಿಯ ಕತ್ತರಿ ಇಲ್ಲಿ ನಡೆಯದು. ಕತ್ತರಿಸಿದ ಕಡೆ ಕುಣಿಕೆಗಳು ಒಂದರ ಹಿಂದೊಂದು ಬಿಚ್ಚಿಕೊಳ್ಳುತ್ತವೆ. ಸೀಳನ್ನು ಹೆಣೆಯುತ್ತಲೇ ಹುಟ್ಟಿಸಬೇಕು.

10 ಸೆಂಟಿಮೀಟರಿಗೆ 20 ಕುಣಿಕೆ ಬರುವ ನೂಲು ಕೈಯಲ್ಲಿದೆ ಎನ್ನೋಣ. 40 ಕುಣಿಕೆಯ ಮಫ್ಲರು 20 ಸೆಂಟಿಮೀಟರ್ ಅಗಲ ಬರುತ್ತದೆ. 10 ಕುಣಿಕೆ ಹೆಣೆದು, ನಡುವಿನ 20 ಮುಚ್ಚಿ, ಉಳಿದ 10 ಹೆಣೆದರೆ ಸೀಳಿನ ಕೆಳಗಿನ ಅಂಚು ಸಿದ್ಧ. ಮರುಸಾಲಿನಲ್ಲಿ ಆ ಖಾಲಿ ಜಾಗಕ್ಕೆ ಬಂದಾಗ 20 ಹೊಸ ಕುಣಿಕೆ ಹಾಕಿಕೊಂಡು ಮುಂದುವರಿದರೆ ಮೇಲಿನ ಅಂಚು.

ತಾಪತ್ರಯ ಶುರುವಾಗುವುದು ಇಲ್ಲೇ. ಹೆಣೆದ ಬಟ್ಟೆ ಅಡ್ಡಕ್ಕೆ ಚೆನ್ನಾಗಿ ಹಿಗ್ಗುತ್ತದೆ. ಮುಚ್ಚಿದ ಅಂಚು ಅಷ್ಟು ಹಿಗ್ಗುವುದಿಲ್ಲ. ಎರಡು ಕುಣಿಕೆ ಹೆಣೆದು, ಮೊದಲನೆಯದನ್ನು ಎರಡನೆಯದರ ಮೇಲಿಂದ ಹಾಯಿಸಿ ಬಿಡುತ್ತ ಹೋದಾಗ ಅಂಚಿನ ಮೇಲೆ ಅಡ್ಡ ಮಲಗಿದ ಜಡೆಯಂತೆ ಸರಪಳಿ ಮೂಡುತ್ತದೆ. ಕೈ ಬಿಗಿಯಾದಷ್ಟೂ ಸರಪಳಿ ಗಿಡ್ಡ. ಅಂಥ ಸೀಳಿನಲ್ಲಿ ಮಫ್ಲರಿನ ತುದಿ ಅರ್ಧ ದಾರಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಮುಚ್ಚುವಾಗ ಮಾತ್ರ ಬಲಗೈಗೆ ಒಂದೆರಡು ನಂಬರು ದಪ್ಪದ ಕಡ್ಡಿ ತೆಗೆದುಕೊಳ್ಳುವುದು ಸುಲಭದ ಪರಿಹಾರ.

ಎಲಿಜಬೆತ್ ಜಿಮ್ಮರ್‌ಮನ್ 1971ರ ‘ನಿಟ್ಟಿಂಗ್ ವಿದೌಟ್ ಟಿಯರ್ಸ್’ ಪುಸ್ತಕದಲ್ಲಿ ಹೊಲಿಗೆ ಸೂಜಿಯಿಂದ ಮುಚ್ಚುವ ಕ್ರಮ ವಿವರಿಸಿದ್ದಾರೆ. ಎರಡು ಕುಣಿಕೆಯೊಳಗೆ ಮುಂದಕ್ಕೆ, ಒಂದರೊಳಗೆ ಹಿಂದಕ್ಕೆ, ಹೀಗೆ ಸೂಜಿ ಸಾಗುತ್ತದೆ. ಅಂಚು ಮೆತ್ತಗೆ ಹಿಗ್ಗುತ್ತದೆ, ನಿಜ. ಸಾಲಿನ ನಡುವೆ ಮಾತ್ರ ಅದಕ್ಕೆಂದೇ ಬೇರೆ ನೂಲಿನ ತುಂಡು ಬೇಕು, ಆಮೇಲೆ ಆ ತುದಿಗಳನ್ನು ಅಡಗಿಸುವ ಕೆಲಸ ಬೇರೆ. ಮಫ್ಲರಿನ ಸೀಳಿಗೆ ಇಷ್ಟು ಖಟಪಟಿ ಸ್ವಲ್ಪ ಹೆಚ್ಚೇ.

ಮೇಲಂಚಿನ ಕಷ್ಟ ಇದಕ್ಕೆ ತದ್ವಿರುದ್ಧ. ಹೆಣಿಗೆ ಆರಂಭಿಸುವಾಗ ಬಹಳ ಮಂದಿ ಬಳಸುವ, ಉದ್ದ ಬಾಲ ಬಿಟ್ಟು ಎರಡು ಎಳೆಯಿಂದ ಹಾಕುವ ಕಾಸ್ಟ್ ಆನ್ ಇಲ್ಲಿ ಒದಗುವುದಿಲ್ಲ. ನಡುಸಾಲಿನಲ್ಲಿ ಇರುವುದು ಒಂದೇ ಎಳೆ. ಹೊಸಬರು ಬೆರಳಿಗೆ ನೂಲು ತಿರುಚಿ ಕಡ್ಡಿಗೆ ಏರಿಸುತ್ತಾರೆ. ಬೇಗ ಆಗುತ್ತದೆ, ಆದರೆ ಮುಂದಿನ ಸಾಲು ಹೆಣೆಯುವಾಗ ಕುಣಿಕೆಗಳ ನಡುವಿನ ನೂಲು ಉದ್ದವಾಗುತ್ತ ಹೋಗಿ ಮೇಲಂಚು ಜೋಲುತ್ತದೆ. ಕೆಳತುಟಿ ಬಿಗಿ, ಮೇಲ್ತುಟಿ ಜೋಲು! ಕೇಬಲ್ ಕಾಸ್ಟ್ ಆನ್ ವಾಸಿ. ಹೆಣಿಗೆಯನ್ನು ತಿರುಗಿಸಿ ಹಿಡಿದು, ಕೊನೆಯ ಎರಡು ಕುಣಿಕೆಗಳ ನಡುವೆ ಕಡ್ಡಿ ತೂರಿಸಿ ಹೊಸ ಕುಣಿಕೆ ಎಳೆದುಕೊಳ್ಳುವ ಈ ಕ್ರಮದಲ್ಲಿ ಅಂಚು ಹುರಿ ಹಗ್ಗದಂತೆ ಗಟ್ಟಿಯಾಗುತ್ತದೆ. ಎರಡೂ ಅಂಚು ಒಂದೇ ರೀತಿ ಕಾಣಬೇಕೆಂಬ ಹಟವಿದ್ದರೆ ಕ್ರೋಶಾ ಕಡ್ಡಿಯಿಂದ ಹಾಕುವ ಕುಣಿಕೆಗಳು ಸರಿ. ಅಲ್ಲಿಯೂ ಅದೇ ಸರಪಳಿ ಮೂಡುತ್ತದೆ.

ಮೂಲೆಯಲ್ಲಿ ತೂತು ಉಳಿಯದಂತೆ 20ರ ಬದಲು 21 ಹಾಕಿ, ಮರುಸಾಲಿನಲ್ಲಿ ಹೆಚ್ಚಿನದನ್ನು ಪಕ್ಕದ ಕುಣಿಕೆಯೊಂದಿಗೆ ಸೇರಿಸಿ ಹೆಣೆಯುವುದುಂಟು.

ಮುಚ್ಚುವ, ಹಾಕುವ ಗೊಡವೆಯೇ ಬೇಡವೆಂದರೆ ಮಿಸ್ ಮಾರ್ಪಲ್ ಮಫ್ಲರಿದೆ. ಅಗಾಥಾ ಕ್ರಿಸ್ಟಿಯ ಕಾದಂಬರಿಗಳಲ್ಲಿ ಉಲ್ಲನ್ ಹೆಣೆಯುತ್ತಲೇ ಕೊಲೆಗಾರರನ್ನು ಹಿಡಿಯುವ ಅಜ್ಜಿಯ ಹೆಸರು ಅದಕ್ಕೆ. 40 ಕುಣಿಕೆಗಳಲ್ಲಿ ಒಂದು ಬಿಟ್ಟು ಒಂದನ್ನು ಬೇರೆ ಕಡ್ಡಿಗೆ ಜಾರಿಸಿ, 20-20ರ ಎರಡು ಪದರಗಳನ್ನು ಕೆಲವು ಸಾಲು ಪ್ರತ್ಯೇಕವಾಗಿ ಹೆಣೆದು, ಮತ್ತೆ ಒಂದಾದ ಮೇಲೊಂದರಂತೆ ಒಂದೇ ಕಡ್ಡಿಗೆ ತರುತ್ತಾರೆ. ನಡುವೆ ಉಳಿಯುವುದು ಲಾಡಿ ತೂರಿಸುವ ಜಾಗದಂಥ ಕೊಳವೆ. ಅದರ ಅಗಲ ಮಫ್ಲರಿನ ಅರ್ಧದಷ್ಟಾದ್ದರಿಂದ ಒಳಗೆ ತೂರಿಸಿದ ತುದಿ ನೆರಿಗೆಗಟ್ಟಿ, ಸ್ಕೂಟರು ಎಷ್ಟು ತಿರುವು ದಾಟಿದರೂ ಅಲ್ಲೇ ನಿಲ್ಲುತ್ತದೆ.